ಲೈಬ್ರರಿ ಮೇಡಂ

ಮೇಡಂ ಅವರ ಹತ್ತೂ ಬೆರಳುಗಳು ಎರಡನೆಯ ಗೆಣ್ಣಿನವರೆಗೆ ಬೆಳ್ಳಗಿದ್ದವು, ಈಗಷ್ಟೇ ಅಕ್ಕಿಹಿಟ್ಟು ಕಲಸಿ ಎದ್ದು ಬಂದವರ ಹಾಗೆ. ತೊನ್ನು. ಉಳಿದ ಕೈ ಕಪ್ಪು, ಕೀಬೋರ್ಡೂ ಕಪ್ಪು. ಅವರು ಟೈಪು ಮಾಡಲು ಕೂತರೆ ಆ ಬೆರಳುಗಳ ಓಡಾಟವೊಂದೇ ಕಣ್ಣಿಗೆ ಬೀಳುತ್ತಿತ್ತು. ಮೊದಲ ದಿನ ನಾನು ಅವರ ಮಾತು ಕೇಳುವುದನ್ನು ಬಿಟ್ಟು ಅದನ್ನೇ ನೋಡುತ್ತ ಕೂತಿದ್ದೆ. ಅವರಿಗೆ ಗೊತ್ತಾಯಿತು. ಒಳಗೆ ಹೋಗಿ, ತಾವೇ ಕಾಫಿ ಮಾಡಿ ತಂದು ನನ್ನ ಮುಂದಿಟ್ಟರು. ಎದುರಿಗೆ ಕೂತು, ನಾನು ಕುಡಿಯುತ್ತೇನೋ ಇಲ್ಲವೋ ಎಂದು ಸುಮ್ಮನೆ ನೋಡಿದರು. ಕುಡಿದೆ. ಚೆನ್ನಾಗಿತ್ತು, ಇನ್ನರ್ಧ ಲೋಟ ಕೇಳಿದೆ.

"ಪರವಾಗಿಲ್ಲ, ನಿನ್ನ ಜೊತೆ ಕೆಲ್ಸ ಮಾಡಬಹುದು" ಎಂದರು. ಅಲ್ಲಿಯವರೆಗೆ "ನೀವು" ಎನ್ನುತ್ತಿದ್ದವರು ಆ ಅರ್ಧ ಲೋಟದಿಂದಾಚೆಗೆ "ನೀನು" ಎಂದರು.

ನಾನು ಆಗ ಅರಸೀಕೆರೆಯಲ್ಲಿ ಒಂದು ಕೊಬ್ಬರಿ ಮಂಡಿಯ ಮೇಲಿನ ಮಹಡಿಯಲ್ಲಿದ್ದ ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದೆ. ನನ್ನನ್ನೂ ಸೇರಿಸಿ ಮೂರು ಜನ. ಸುತ್ತಮುತ್ತಲ ಊರುಗಳ ಕ್ಲಿನಿಕ್ಕುಗಳಿಗೆ ರೋಗಿಗಳ ದಾಖಲೆ ಇಟ್ಟುಕೊಳ್ಳುವ ಪ್ರೋಗ್ರಾಂ ಬರೆದುಕೊಡುತ್ತಿದ್ದೆವು. ದಾಖಲೆಗಳೆಲ್ಲ ನಮ್ಮಲ್ಲಿನ ಒಂದು ಡೇಟಾಬೇಸಿನಲ್ಲಿ ಇರುತ್ತಿದ್ದವು. ಕ್ಲಿನಿಕ್ಕಿನ ಕಂಪ್ಯೂಟರು ಇಂಟರ್‌ನೆಟ್ ಮೂಲಕ ಅಲ್ಲಿಗೆ ಬಂದು, ಕೇಳಿದ್ದನ್ನು ತೆಗೆದುಕೊಂಡು ಹೋಗಬೇಕು, ಕೊಟ್ಟಿದ್ದನ್ನು ಬರೆದಿಟ್ಟು ಹೋಗಬೇಕು. ಈ ಹೋಗಿ ಬರುವ ಕೆಲಸಕ್ಕೆ ಅಂತಲೇ ಯಾರೋ ಬರೆದಿಟ್ಟ ಕೋಡಿನ ಕಂತೆಗಳಿರುತ್ತವೆ. ಅವಕ್ಕೆ ಲೈಬ್ರರಿ ಅನ್ನುತ್ತಾರೆ. ನಾವು ಬಳಸುತ್ತಿದ್ದದ್ದು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಒಂದು ಲೈಬ್ರರಿ. ಬರೆದವರು ಯಾರು, ಯಾವ ದೇಶದವರು ಎಂದು ನಾನು ಯಾವತ್ತೂ ನೋಡಿರಲಿಲ್ಲ.

ಅದರಲ್ಲಿ ಒಂದು ತೊಂದರೆಯಿತ್ತು. ಮಧ್ಯದಲ್ಲಿ ಕರೆಂಟು ಹೋಗಿಯೋ ಇನ್ನಾವುದಕ್ಕೋ ಸಂಪರ್ಕ ಕಡಿದರೆ ಪ್ರೋಗ್ರಾಂ ಉತ್ತರಕ್ಕಾಗಿ ಕಾಯುತ್ತಲೇ ಕೂರುತ್ತಿತ್ತು. ಡಾಕ್ಟರೂ ರೋಗಿಯೂ ಇಬ್ಬರೂ ಪರದೆಯನ್ನು ನೋಡುತ್ತ ಕೂರಬೇಕು. ದಿನಕ್ಕೆ ನಾಲ್ಕು ಸಲ ಫೋನಿನಲ್ಲಿ ಬೈಸಿಕೊಂಡ ಮೇಲೆ ಒಂದು ದಿನ ಆ ಲೈಬ್ರರಿಯ ಪುಟಕ್ಕೆ ಹೋಗಿ, ದೂರು ಬರೆಯುವ ಜಾಗದಲ್ಲಿ, ನನಗೆ ಬರುವ ಇಂಗ್ಲಿಷಿನಲ್ಲಿ ಎಷ್ಟು ಖಾರ ಹಾಕಬಹುದೋ ಅಷ್ಟು ಹಾಕಿ ಬರೆದೆ.

ಮಾರನೆಯ ಬೆಳಿಗ್ಗೆ ಉತ್ತರ ಬಂದಿತ್ತು. ಕನ್ನಡದಲ್ಲಿ.

"ನೀವು ಅಂಟಿಸಿದ ದೋಷದ ಸಾಲುಗಳಲ್ಲಿ ಅರಸೀಕೆರೆ ಅಂತ ಫೋಲ್ಡರಿನ ಹೆಸರು ಕಾಣಿಸಿತು. ಅಲ್ಲಿಯವರಾದರೆ ಕನ್ನಡದಲ್ಲೇ ಬರೆಯಿರಿ, ಇನ್ನೂ ಚೆನ್ನಾಗಿ ಬೈಯಬಹುದು. ದೂರು ಸರಿಯಾಗಿದೆ. ಭಾನುವಾರ ಬಿಡುವಿದ್ದರೆ ಮಾದಿಹಳ್ಳಿಗೆ ಬನ್ನಿ. ಹಳೇಬೀಡಿನಿಂದ ಬಸ್ಸಿದೆ."

ನಾನು ಅದನ್ನು ಮೂರು ಸಲ ಓದಿದೆ. ನಮ್ಮ ಕಂಪನಿಯ ಯಜಮಾನರನ್ನು ಕರೆದು ಓದಿಸಿದೆ. ಅವರು "ಯಾರೋ ತಮಾಷೆ ಮಾಡ್ತಾವ್ರೆ ಬಿಡಮ್ಮ" ಅಂದರು. ಭಾನುವಾರ ಬಸ್ಸು ಹತ್ತಿದೆ.

ಮನೆ ಊರೊಳಗೇ ಇತ್ತು. ತಮ್ಮ, ತಮ್ಮನ ಹೆಂಡತಿ, ಎರಡು ಹಸು, ಹಿತ್ತಿಲಲ್ಲಿ ತೆಂಗಿನ ಮರಗಳು. ಮೇಡಂ ಇಪ್ಪತ್ತು ವರ್ಷ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಂಡವರು. ಪಾಠ ಮಾಡುವವರಲ್ಲ, ಲ್ಯಾಬಿನ ಬೀಗ ತೆಗೆದು, ಯಂತ್ರಗಳನ್ನು ರಿಪೇರಿ ಮಾಡಿ, ಹುಡುಗರ ತಪ್ಪು ತೋರಿಸಿಕೊಡುವವರು. ಅಲ್ಲಿದ್ದಾಗಲೇ ಬಿಡುವಿನಲ್ಲಿ ಈ ಲೈಬ್ರರಿಯನ್ನು ಬರೆಯಲು ಶುರು ಮಾಡಿದ್ದರು. ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಅದೇ ಅವರ ಕೆಲಸವಾಯಿತು. ಮದುವೆಯಾಗಿರಲಿಲ್ಲ. "ಬೆರಳು ನೋಡಿ ಎದ್ದು ಹೋದೋರು ನಾಲ್ಕು ಜನ, ಬೆರಳು ಲೆಕ್ಕಿಸದೆ ಕೂತಿದ್ದ ಒಬ್ಬರನ್ನ ನಾನೇ ಎಬ್ಬಿಸಿ ಕಳಿಸಿದೆ" ಎಂದು ಒಮ್ಮೆ ನಗುತ್ತ ಹೇಳಿದ್ದರು. ಅದಾದ ಮೇಲೆ ಆ ಮಾತು ಯಾವತ್ತೂ ಬರಲಿಲ್ಲ.

ಊರಿನವರಿಗೆ ಅವರು "ಲೈಬ್ರರಿ ಮೇಡಂ". ತಮ್ಮ ಯಾರಿಗೋ "ಅಕ್ಕ ಮನೇಲಿ ಲೈಬ್ರರಿ ಮಾಡ್ತಾಳೆ" ಎಂದು ಹೇಳಿದ್ದು ಊರೆಲ್ಲ ಹರಡಿ, ನಾಲ್ಕಾರು ಜನ ಹಿರಿಯರು ಬೆಳಿಗ್ಗೆ ಬಂದು ಜಗಲಿ ಮೇಲೆ ಕೂತು "ಪೇಪರ್ ಬಂತೇನವ್ವಾ?" ಎಂದು ಕೇಳಿದರಂತೆ. ಮೇಡಂ ಅವರಿಗೆ ತಿಳಿಸಿ ಹೇಳುವುದಕ್ಕೆ ಹೋಗಲಿಲ್ಲ. ಎರಡು ಪೇಪರು, ಒಂದು ವಾರಪತ್ರಿಕೆ ತರಿಸಲು ಶುರು ಮಾಡಿದರು. ನಾನು ಹೋದಾಗಲೆಲ್ಲ ಜಗಲಿಯಲ್ಲಿ ಇಬ್ಬರು ಮೂವರು ಪೇಪರಿನ ಹಾಳೆ ಹಂಚಿಕೊಂಡು ಓದುತ್ತಿದ್ದರು. ಒಳಗೆ ಕಿಟಕಿಯ ಪಕ್ಕದ ಮೇಜಿನಲ್ಲಿ ಇನ್ನೊಂದು ಲೈಬ್ರರಿ ನಡೆಯುತ್ತಿತ್ತು.

ತಮ್ಮನ ಹೆಂಡತಿಗೆ ಮಾತ್ರ ಅದೇನೆಂದು ತಿಳಿಯಲೇಬೇಕಿತ್ತು. ನನ್ನೆದುರಿಗೇ ಒಂದು ದಿನ ಕೇಳಿದರು: "ಅದೇನಕ್ಕಾ ನೀವು ಬರೆಯೋದು? ಇಷ್ಟು ವರ್ಷ ಆಯ್ತು, ಇನ್ನೂ ಮುಗೀಲಿಲ್ವಾ?"

"ನೀನು ಒಲೆ ಮುಂದೆ ಇರ್ತೀಯ. ಬೆಲ್ಲದ ಡಬ್ಬ ಅಟ್ಟದ ಮೇಲಿರ್ತದೆ. ಒಬ್ಬರು ಹತ್ತಿ ಇಳಿಸಿಕೊಡಬೇಕು, ಮತ್ತೆ ಇದ್ದಲ್ಲೇ ಇಡಬೇಕು. ಅಷ್ಟೇ ನನ್ನ ಕೆಲ್ಸ" ಎಂದರು ಮೇಡಂ. "ಅಡುಗೇನೂ ನಂದಲ್ಲ, ಅಟ್ಟಾನೂ ನಂದಲ್ಲ. ಇಳಿಸಿಕೊಡೋ ಕೈ ಒಂದೇ ನಂದು."

"ಅದರಲ್ಲೇನೈತೆ ಇಷ್ಟು ವರ್ಷ ಬರೆಯಕ್ಕೆ?"

"ಡಬ್ಬ ಬೀಳಿಸಬಾರದಲ್ಲ, ಅದಕ್ಕೆ."

ನನ್ನ ದೂರಿಗೆ ಹನ್ನೆರಡು ದಿನಕ್ಕೆ ಪರಿಹಾರ ಬಂತು. ಹೊಸ ಆವೃತ್ತಿಯಲ್ಲಿ ಎರಡು ಸಂಗತಿ ಸೇರಿಸಿದ್ದರು. ಒಂದು, ಎಷ್ಟು ಹೊತ್ತು ಕಾಯಬೇಕೆಂದು ನಾವೇ ಹೇಳಬಹುದು; ಆ ಹೊತ್ತು ಮೀರಿದರೆ ಪ್ರೋಗ್ರಾಂ ಕಾಯುವುದನ್ನು ಬಿಟ್ಟು ನಮಗೆ ತಿಳಿಸುತ್ತದೆ. "ಬಸ್‌ಸ್ಟಾಂಡಲ್ಲಿ ಎಷ್ಟೊತ್ತು ಅಂತ ನಿಂತ್ಕೊಳ್ತೀಯ? ಆಮೇಲೆ ಆಟೋ ನೋಡ್ತೀಯ ತಾನೆ? ಇಷ್ಟು ವರ್ಷ ಇದು ನಂಗೆ ಹೊಳೀಲೇ ಇಲ್ಲ ನೋಡು. ನಂಗೆ ಕಾಯೋದು ಅಭ್ಯಾಸ" ಎಂದರು. ಎರಡನೆಯದು, ಸಂಪರ್ಕ ಕಡಿದರೆ ಲೈಬ್ರರಿಯೇ ಮತ್ತೆ ಸಂಪರ್ಕ ಮಾಡಿ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುತ್ತದೆ. ಆದರೆ ಇದು ಓದುವ ಕೆಲಸಕ್ಕೆ ಮಾತ್ರ. ಬರೆಯುವ ಕೆಲಸಕ್ಕೂ ಬೇಕೆಂದರೆ ಕೋಡಿನಲ್ಲೇ ಒಂದು ಸ್ವಿಚ್ ಇತ್ತು. ಅದನ್ನು ಆಫ್ ಮಾಡಿಯೇ ಇಟ್ಟಿದ್ದರು.

"ಎರಡು ಸಲ ಕೇಳಿದ್ರೆ ತಪ್ಪಿಲ್ಲ ಕಣೇ. ಎರಡು ಸಲ ಬರೆದ್ರೆ ತಪ್ಪು" ಎಂದು ಹೇಳಿದ್ದರು. ನಾನು ತಲೆಯಾಡಿಸಿದ್ದೆ. ತಲೆಯಾಡಿಸುವುದಕ್ಕೂ ಅರ್ಥವಾಗುವುದಕ್ಕೂ ನಡುವೆ ಎಷ್ಟು ದೂರ ಎಂದು ಆಗ ಗೊತ್ತಿರಲಿಲ್ಲ.

ಆ ವರ್ಷದಿಂದ ತಿಂಗಳಿಗೆ ಎರಡು ಭಾನುವಾರವಾದರೂ ಮಾದಿಹಳ್ಳಿಗೆ ಹೋಗುವುದು ರೂಢಿಯಾಯಿತು. ಹೋದರೆ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಆಮೇಲೆ ಕೆಲಸ. ಮೇಡಂ ಕೋಡು ಓದುವ ರೀತಿಯೇ ಬೇರೆ. ಲ್ಯಾಬಿನ ಕಾಲದ ಒಂದು ಮರದ ಸ್ಕೇಲನ್ನು ಪರದೆಗೆ ಅಡ್ಡಲಾಗಿ ಹಿಡಿದು, ಒಂದೊಂದೇ ಸಾಲು ಕೆಳಗಿಳಿಸುತ್ತ, ತುಟಿಯಲ್ಲಿ ಗುನುಗುತ್ತ ಓದುತ್ತಿದ್ದರು. ನನಗೆ ತಾಳ್ಮೆ ಕೆಡುತ್ತಿತ್ತು. "ಮೇಡಂ, ಇಷ್ಟೂ ಓದಬೇಕಾಗಿಲ್ಲ, ಬದಲಾಗಿರೋದು ಆ ನಾಲ್ಕು ಸಾಲು ಅಷ್ಟೇ" ಎಂದರೆ, "ಬದಲಾಗಿರೋ ನಾಲ್ಕು ಸಾಲು ನೀನು ಓದಿದ್ದೀಯ. ಬದಲಾಗದೇ ಇರೋದನ್ನ ಯಾರು ಓದ್ತಾರೆ?" ಎನ್ನುತ್ತಿದ್ದರು. ಬೇರೆಯವರ ತಪ್ಪು ಕಂಡಾಗ ಅವರ ಮುಖದಲ್ಲಿ ಒಂದು ಬಗೆಯ ಸಂತೋಷ ಕಾಣುತ್ತಿತ್ತು. ಗೆದ್ದ ಸಂತೋಷವಲ್ಲ, ಕಳೆದುಹೋಗಿದ್ದ ಓಲೆಯ ತಿರುಪು ಚಾಪೆ ಕೆಳಗೆ ಸಿಕ್ಕಂಥದ್ದು. "ಸಿಕ್ತು ನೋಡು" ಎನ್ನುತ್ತಿದ್ದರು, ಅಷ್ಟೇ. ಯಾರು ಬಿಟ್ಟ ತಪ್ಪು ಎಂದು ಕೇಳುತ್ತಿರಲಿಲ್ಲ.

ಒಂದು ಭಾನುವಾರ ಹೆಮ್ಮೆಯಿಂದ ಹೋದೆ. ನಮ್ಮ ಪ್ರೋಗ್ರಾಂ ಹಳೇಬೀಡಿನ ಕಡೆಯ ಒಬ್ಬ ಡಾಕ್ಟರರ ಕ್ಲಿನಿಕ್ಕಿನಲ್ಲಿ ಮೂರು ತಿಂಗಳಿಂದ ಒಂದೂ ದೂರಿಲ್ಲದೆ ನಡೆದಿತ್ತು. ನಾಯಿ ಕಚ್ಚಿದವರಿಗೆ ಅಲ್ಲಿ ಐದು ಸೂಜಿ ಹಾಕುತ್ತಿದ್ದರು, ಇಂತಿಂಥ ದಿನಕ್ಕೆ ಅಂತ. ಪ್ರತಿ ಸೂಜಿಗೂ ಒಂದು ಸಾಲು ದಾಖಲಾಗುತ್ತದೆ. ಪ್ರೋಗ್ರಾಂ ಆ ಸಾಲುಗಳನ್ನು ಎಣಿಸಿ, ಮುಂದಿನ ಸೂಜಿಯ ಹಿಂದಿನ ದಿನ ರೋಗಿಯ ಫೋನಿಗೆ ಸಂದೇಶ ಕಳಿಸುತ್ತದೆ. ಇದನ್ನೆಲ್ಲ ಬರೆದವಳು ನಾನೇ. ದಾಖಲೆಯ ಒಂದು ಪಟ್ಟಿಯನ್ನು, ಹೆಸರುಗಳಿಲ್ಲದೆ ಕಾರ್ಡಿನ ನಂಬರು ಮತ್ತು ಊರು ಮಾತ್ರ ಇಟ್ಟು, ಮೇಡಂಗೆ ತೋರಿಸಲು ತಂದಿದ್ದೆ.

ಅವರು ಸ್ಕೇಲು ತೆಗೆದುಕೊಂಡರು. ಮೊದಲ ಪುಟ, ಎರಡನೆಯ ಪುಟ. ನಾನು ರೊಟ್ಟಿ ತಿನ್ನುತ್ತಿದ್ದೆ. ಮೂರನೆಯ ಪುಟದಲ್ಲಿ ಸ್ಕೇಲು ನಿಂತಿತು.

"ನಿಮ್ ಡಾಕ್ಟ್ರು ಭಾರಿ ಚುರುಕೇನೇ?"

"ಯಾಕೆ ಮೇಡಂ?"

"ಐದು ಸೆಕೆಂಡಲ್ಲಿ ಒಬ್ಬರಿಗೇ ಎರಡು ಸೂಜಿ ಹಾಕಿದ್ದಾರೆ."

ಹೋಗಿ ನೋಡಿದೆ. ಹುಲಿಕೆರೆಯ ಒಂದು ಕಾರ್ಡು. ಮೂರನೆಯ ಸೂಜಿಯ ಸಾಲು ಎರಡು ಸಲ ದಾಖಲಾಗಿತ್ತು. ಏನಾಗಿದೆ ಎಂದು ನೋಡುತ್ತಿದ್ದ ಹಾಗೆಯೇ ಗೊತ್ತಾಯಿತು. ತಿಂಗಳುಗಳ ಹಿಂದೆ, ಕ್ಲಿನಿಕ್ಕಿನಿಂದ "ಬರೆದದ್ದು ಹೋಗ್ತಿಲ್ಲ" ಎಂದು ದೂರು ಬಂದಾಗ, ಮೇಡಂ ಆಫ್ ಮಾಡಿಟ್ಟಿದ್ದ ಆ ಸ್ವಿಚ್ಚನ್ನು ನಾನು ಹಾಕಿಬಿಟ್ಟಿದ್ದೆ. ಅವರಿಗೆ ಹೇಳಿರಲಿಲ್ಲ. ಆ ದಿನ ಸಾಲು ಡೇಟಾಬೇಸಿಗೆ ತಲುಪಿ, "ಬರೆದಾಯಿತು" ಎಂಬ ಉತ್ತರ ಹಿಂದಿರುಗುವ ಮೊದಲೇ ಸಂಪರ್ಕ ಕಡಿದಿದೆ. ಉತ್ತರ ಬರಲಿಲ್ಲವೆಂದು ಲೈಬ್ರರಿ ಮತ್ತೊಮ್ಮೆ ಬರೆದಿದೆ. ಪ್ರೋಗ್ರಾಂ ಎಣಿಸಿದಾಗ ನಾಲ್ಕು ಸೂಜಿ ಮುಗಿದಂತೆ ಲೆಕ್ಕ ಸಿಕ್ಕಿದೆ. ಹಾಕಿದ್ದು ಮೂರೇ. ನಾಲ್ಕನೆಯ ಸೂಜಿಯ ದಿನ ಮೊನ್ನೆ ಶುಕ್ರವಾರವಿತ್ತು. ಆ ಕಾರ್ಡಿನವರಿಗೆ ಸಂದೇಶ ಹೋಗಿರಲಿಲ್ಲ.

ನನ್ನ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ಕಚ್ಚಿದ್ದು ಹುಚ್ಚುನಾಯಿಯಾಗಿದ್ದು ಸೂಜಿ ತಪ್ಪಿದರೆ ಪ್ರಾಣಕ್ಕೇ ಅಪಾಯ ಎಂದು ಈ ಕೆಲಸ ಮಾಡುವಾಗ ನಾನು ಓದಿಕೊಂಡಿದ್ದೆ. "ಮೇಡಂ, ಆ ಸ್ವಿಚ್ಚು ನಾನೇ..." ಎಂದು ಶುರು ಮಾಡಿದೆ.

"ಅದು ಆಮೇಲೆ" ಎಂದರು. "ಡಾಕ್ಟ್ರಿಗೆ ಫೋನ್ ಮಾಡು."

ಕಾರ್ಡಿನ ನಂಬರು ಹೇಳಿದೆ. ಡಾಕ್ಟರು ತಾವೇ ಆ ರೋಗಿಯ ಫೋನಿಗೆ ಮಾಡಿ ನೋಡಿದರು, ಸ್ವಿಚ್ ಆಫ್. ವಯಸ್ಸಾದ ಹೆಂಗಸು, ಕಲ್ಯಾಣಿಗೆ ಹೋಗುವ ದಾರಿಯಲ್ಲಿ ಮನೆ, ಮನೆಮುಂದೆ ಕೆಂದ ಹಸು ಕಟ್ಟಿರುತ್ತದೆ ಎಂದರು. "ಎರಡು ದಿನ ತಡವಾಗಿದೆ ಅಂತ ಬಿಡೋ ಹಾಗಿಲ್ಲ. ಇವತ್ತೇ ಕರ್ಕೊಂಡು ಬನ್ನಿ, ನಾನು ಇರ್ತೀನಿ."

ಮೇಡಂ ಆಗಲೇ ಸ್ಕೂಟರಿನ ಕೀಲಿ ಹುಡುಕುತ್ತಿದ್ದರು. ಅವರು ಸ್ಕೂಟರು ಓಡಿಸುತ್ತಿದ್ದದ್ದೂ ಕೋಡು ಓದುವ ಹಾಗೆಯೇ, ಒಂದೊಂದು ಗುಂಡಿಯನ್ನೂ ನೋಡಿ. ಆ ದಿನ ಮಾತ್ರ ಹಿಂದೆ ಕೂತ ನಾನು ಅವರ ಭುಜ ಹಿಡಿದುಕೊಳ್ಳಬೇಕಾಯಿತು. ದಾರಿಯುದ್ದಕ್ಕೂ, ಒಮ್ಮೆ ಬೈಯಬಾರದೇ ಎಂದು ನನಗೆ ಅನ್ನಿಸುತ್ತಿತ್ತು.

ಹುಲಿಕೆರೆಯಲ್ಲಿ ಕೆಂದ ಹಸು ಸುಲಭವಾಗಿಯೇ ಸಿಕ್ಕಿತು. ಪಕ್ಕದಲ್ಲಿ ಅಜ್ಜಿ, ಕುಕ್ಕರುಗಾಲಿನಲ್ಲಿ ಕೂತು ಹುಲ್ಲಿನ ಕಟ್ಟು ಬಿಚ್ಚುತ್ತಿದ್ದಳು. ಮೀನಖಂಡದ ಮೇಲೆ ಗಾಯದ ಗುರುತು ಇನ್ನೂ ಇತ್ತು.

"ಅಜ್ಜಿ, ಶುಕ್ರವಾರ ಸೂಜಿ ಹಾಕಿಸ್ಕೊಳ್ಳೋಕೆ ಯಾಕೆ ಹೋಗ್ಲಿಲ್ಲ?" ಎಂದು ಕೇಳಿದೆ.

"ಮೆಸೇಜು ಬರ್ನಿಲ್ಲ ಕಣವ್ವ" ಎಂದಳು ಅಜ್ಜಿ. "ಹಿಂದ್ಲಕಿತ ಎಲ್ಡ್ ಸಲಾನೂ ಬಂತು. ಪಕ್ಕದ್ಮನೆಯೋರು ಓದೇಳುದ್ರು, ಹೋಗ್ಬಂದೆ. ಈ ಕಿತ ಬರ್ನಿಲ್ಲ. ಬರ್ನಿಲ್ಲ ಅಂದ್ಮ್ಯಾಕೆ ಸೂಜಿ ಮುಗ್ದೋದ್ವು ಅಂದ್ಕಂಡೆ. ಫೋನಿಗೆ ಚಾರ್ಜೂ ಹಾಕ್ನಿಲ್ಲ."

ಐದು ಸೂಜಿ ಅಂತ ಡಾಕ್ಟರು ಹೇಳಿದ್ದರು ತಾನೆ ಎಂದರೆ, "ಹೇಳಿರ್ಬೋದು. ಮಿಸಿನ್ನು ತೆಪ್ಪು ಹೇಳ್ತದಾ?" ಎಂದು ನನ್ನನ್ನೇ ಕೇಳಿದಳು.

ನನಗೆ ತಡೆಯಲಾಗಲಿಲ್ಲ. "ಮಿಷಿನ್ನಿಗೆ ತಪ್ಪು ಹೇಳಿಕೊಟ್ಟಿದ್ದು ನಾನೇ ಅಜ್ಜಿ. ನನ್ನಿಂದ ಆಗಿದ್ದು" ಎಂದು ಅಲ್ಲೇ ಅತ್ತುಬಿಟ್ಟೆ. ಅಜ್ಜಿ ಹುಲ್ಲು ಬಿಟ್ಟು ಎದ್ದು ಬಂದು ನನ್ನ ಮುಖ ನೋಡಿದಳು. ಮೇಡಂ ಕಡೆ ತಿರುಗಿ, "ಏನವ್ವ ಇವ್ಳು? ಕಚ್ಚಿದ್ದು ನಾಯಿ. ಕಚ್ಚಿಸ್ಕಂಡೋಳು ನಾನು. ಇವ್ಳ್ಯಾಕೆ ಅಳ್ತಾಳೆ?" ಎಂದಳು.

ಮೇಡಂ ಆ ದಿನ ಮೊದಲ ಸಲ ನಕ್ಕರು. "ಅಳಲಿ ಬಿಡಿ. ನೀವು ಸ್ಕೂಟರ್ ಹತ್ತಿ."

"ಹಸ ಯಾರ್ ನೋಡ್ಕಂತಾರೆ? ಇವತ್ತೋ ನಾಳೆನೋ ಈಯ್ತದೆ."

"ಇವಳು ನೋಡ್ಕೊಳ್ತಾಳೆ" ಎಂದು ಮೇಡಂ ನನ್ನ ಕಡೆ ಬೆರಳು ತೋರಿಸಿದರು.

ಹೀಗೆ, ನನ್ನ ವೃತ್ತಿಜೀವನದ ಅತಿ ದೊಡ್ಡ ತಪ್ಪಿನ ದಿನ, ನಾನು ಹುಲಿಕೆರೆಯಲ್ಲಿ ಒಂದು ತುಂಬು ಗಬ್ಬದ ಹಸುವಿನ ಮುಂದೆ ಕಲ್ಲಿನ ಮೇಲೆ ಕೂತು, ಅದು ಈಯದಿರಲಿ ಎಂದು ಬೇಡಿಕೊಳ್ಳುತ್ತ ಒಂದೂವರೆ ಗಂಟೆ ಕಳೆದೆ. ಅದು ಈಯಲಿಲ್ಲ. ಅಜ್ಜಿ ಸೂಜಿ ಹಾಕಿಸಿಕೊಂಡು, ಸ್ಕೂಟರಿನ ಹಿಂದೆ ಮೇಡಂನ ಸೊಂಟ ಹಿಡಿದು ವಾಪಸ್ಸು ಬಂದಳು. ಐದನೆಯ ಸೂಜಿಯ ದಿನ ಮೇಡಂ ತಾವೇ ಮತ್ತೆ ಹೋಗಿ ಕರೆದೊಯ್ದರು. ಅಜ್ಜಿಗೆ ಏನೂ ಆಗಲಿಲ್ಲ. ಈಗಲೂ ಗಟ್ಟಿಮುಟ್ಟಾಗಿದ್ದಾಳೆ.

ಅವತ್ತು ಮಧ್ಯಾಹ್ನ ಮಾದಿಹಳ್ಳಿಗೆ ಬಂದು ಇಬ್ಬರೂ ಉಳಿದ ದಾಖಲೆಗಳನ್ನೆಲ್ಲ ಸ್ಕೇಲು ಹಿಡಿದು ನೋಡಿದೆವು. ಇನ್ನೂ ನಾಲ್ಕು ಕಡೆ ಜೋಡಿ ಸಾಲು ಸಿಕ್ಕವು, ಯಾವುದೂ ಸೂಜಿಯದ್ದಲ್ಲ. ಸ್ವಿಚ್ಚು ಆಫ್ ಮಾಡಿದೆ. ಡಾಕ್ಟರಿಗೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಮೇಡಂ ಪಕ್ಕದಲ್ಲೇ ಕೂತಿದ್ದರು. ಫೋನು ಇಟ್ಟ ಮೇಲೆ, ಈಗಲಾದರೂ ಬೈಯುತ್ತಾರೆ ಎಂದು ತಲೆ ತಗ್ಗಿಸಿ ಕೂತೆ.

"ಸ್ವಿಚ್ಚು ಹಾಕಿದ್ದು ನೀನು. ಅಷ್ಟು ಸುಲಭವಾಗಿ ಹಾಕೋ ಹಾಗೆ ಇಟ್ಟಿದ್ದು ನಾನು" ಎಂದರು. "ಇಬ್ಬರೂ ಸರಿ ಮಾಡಣ."

ಮೂರು ವಾರ ಹಿಡಿಯಿತು. ಹೊಸ ಆವೃತ್ತಿಯಲ್ಲಿ, ಬರೆಯಬೇಕಾದ ಪ್ರತಿಯೊಂದಕ್ಕೂ ಲೈಬ್ರರಿಯೇ ಒಂದು ಗುರುತಿನ ಚೀಟಿ ಅಂಟಿಸಿ ಕಳಿಸುತ್ತದೆ. ಅದೇ ಚೀಟಿ ಹೊತ್ತ ಸಾಲು ಎರಡನೆಯ ಸಲ ಬಂದರೆ "ಇದು ಆಗಲೇ ಬರೆದಾಗಿದೆ" ಎಂದು ಗೊತ್ತಾಗಿ, ಮತ್ತೆ ಬರೆಯದೆ ಹಿಂದಿರುಗುತ್ತದೆ. ಈಗ ಸಂಪರ್ಕ ಎಷ್ಟು ಸಲ ಕಡಿದರೂ ಸೂಜಿ ಒಂದೇ. ಹಳೆಯ ಸ್ವಿಚ್ಚನ್ನು ಅವರು ತೆಗೆಯಲಿಲ್ಲ, ಅದನ್ನು ನಂಬಿಕೊಂಡವರು ಬೇರೆ ಕಡೆ ಇದ್ದರು. ಅದರ ಹೆಸರನ್ನು ಬದಲಾಯಿಸಿದರು. "ಎರಡು ಸಲ ಬರೆದರೆ ಏನಾಗುತ್ತದೆಂದು ನನಗೆ ಗೊತ್ತಿದೆ" ಎಂಬರ್ಥದ, ಒಂದು ಸಾಲಿನಷ್ಟು ಉದ್ದದ ಇಂಗ್ಲಿಷ್ ಹೆಸರು. ಬೇಕಾದವರು ಅಷ್ಟನ್ನೂ ಟೈಪು ಮಾಡಬೇಕು. "ಟೈಪ್ ಮಾಡೋವಾಗ ಬೇಜಾರಾಗಿ ಒಂದು ಸಲ ಯೋಚನೆ ಮಾಡ್ತಾರೆ" ಎಂದರು.

ಪ್ರತಿ ಆವೃತ್ತಿಯ ಜೊತೆಗೂ ಹೊಸದೇನು, ಸರಿಪಡಿಸಿದ್ದೇನು, ತಪ್ಪನ್ನು ಮೊದಲು ತೋರಿಸಿಕೊಟ್ಟವರು ಯಾರು ಎಂದು ಒಂದು ಪುಟ ಬರೆಯುವ ಪದ್ಧತಿಯಿದೆ. ಈ ಸಲದ ಪುಟದಲ್ಲಿ ನನ್ನ ಹೆಸರು ಬರಬಾರದೆಂದು ಒಳಗೊಳಗೇ ಬೇಡಿಕೊಂಡಿದ್ದೆ. ಬಂದಿರಲಿಲ್ಲ. ಅವರ ಹೆಸರೂ ಇರಲಿಲ್ಲ. "ತೋರಿಸಿಕೊಟ್ಟವರು: ಹುಲಿಕೆರೆಯ ಒಬ್ಬ ಹಿರಿಯ ತಾಯಿ. ಅವರು ನಮ್ಮನ್ನು ನಂಬಿದ್ದರು" ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು.

ನಮ್ಮಿಬ್ಬರಿಗೆ ಜಗಳವಾಗಿದ್ದು ಒಂದೇ ವಿಷಯಕ್ಕೆ. ಮೇಡಂ ಅವರ ಲೈಬ್ರರಿ ಕೇಳಿದ್ದಷ್ಟನ್ನೂ ಒಂದೇ ಸಲ ಹೊತ್ತು ತರುತ್ತಿತ್ತು. ದಾಖಲೆ ಹೆಚ್ಚಾದ ಕ್ಲಿನಿಕ್ಕುಗಳಲ್ಲಿ, ಹಳೆಯ ಕಂಪ್ಯೂಟರುಗಳು ಆ ಹೊರೆಗೆ ಏದುಸಿರು ಬಿಡುತ್ತಿದ್ದವು. ಸ್ವಲ್ಪ ಸ್ವಲ್ಪವಾಗಿ, ಬೇಕಾದಷ್ಟೇ ತರುವ ಹಾಗಾಗಬೇಕು ಎಂದು ನಾನು. ಬೇಡ ಎಂದು ಅವರು.

"ಸೇರಿಸೋದು ಸುಲಭ ಕಣೇ. ಸೇರಿಸಿದ ಮೇಲೆ ಸಾಕಬೇಕಲ್ಲ. ಕರು ಚೆನ್ನಾಗೈತೆ ಅಂತ ಹಿಡ್ಕೊಂಡು ಬಂದ್ರೆ ಆಯ್ತಾ? ಹುಲ್ಲು ಯಾರು ಹಾಕ್ತಾರೆ?"

"ನಾನು ಹಾಕ್ತೀನಿ ಮೇಡಂ."

"ಹಂಗೇ ಹೇಳ್ತಾರೆ ಎಲ್ಲಾರೂ."

ಒಂದು ವರ್ಷ ಹೀಗೇ ನಡೆಯಿತು. ಎರಡು ಭಾನುವಾರ ನಾನು ಸಿಟ್ಟಿನಿಂದ ಹೋಗಲೇ ಇಲ್ಲ. ಮೂರನೆಯ ಭಾನುವಾರ ಅವರೇ ಫೋನು ಮಾಡಿ, "ರೊಟ್ಟಿ ತಟ್ಟಿದ್ದಾರೆ, ಆರಿ ಹೋಗ್ತದೆ" ಎಂದಷ್ಟೇ ಹೇಳಿ ಇಟ್ಟರು. ಹೋದೆ. ಜಗಳ ಮುಂದುವರಿಯಿತು, ರೊಟ್ಟಿಯ ಜೊತೆ. ಕೊನೆಗೆ ನಾನು ಅವರನ್ನು ಕೇಳದೆ ಮನೆಯಲ್ಲಿ ಕೂತು ಐದು ತಿಂಗಳಲ್ಲಿ ಅದನ್ನು ಬರೆದು ಮುಗಿಸಿದೆ.

ತೋರಿಸುವ ಹೊತ್ತಿಗೆ ಅವರು ಹಾಸನದಲ್ಲಿ ಆಸ್ಪತ್ರೆಯಲ್ಲಿದ್ದರು. ಹೃದಯ ದುರ್ಬಲವಾಗಿದೆಯಂತೆ. ಮಂಚದ ಮೇಲೆ ಒರಗಿ ಕೂತಿದ್ದವರು ನನ್ನನ್ನು ಕಂಡು, "ಆ ಕರು ತಂದಿದ್ದೀಯಾ?" ಎಂದರು. ಹೇಗೆ ಗೊತ್ತಾಯಿತೋ. ಕಂಪ್ಯೂಟರಿನ ಮುಂದೆ ಕೂರಬಾರದೆಂದು ಅಲ್ಲಿನ ಡಾಕ್ಟರು ಹೇಳಿದ್ದರಿಂದ ನಾನು ಅಷ್ಟನ್ನೂ ಅಚ್ಚು ಹಾಕಿಸಿ ತಂದಿದ್ದೆ, ಅರವತ್ತು ಹಾಳೆ. ತಮ್ಮನ ಹೆಂಡತಿ ಚೀಲದಿಂದ ಸ್ಕೇಲು ತೆಗೆದುಕೊಟ್ಟರು. ಊಟದ ತಟ್ಟೆ, ಔಷಧಿಯ ಜೊತೆ ಅದನ್ನೂ ತಂದಿದ್ದರು.

ಎರಡು ದಿನ ಓದಿದರು. ಮೂರು ತಪ್ಪು ಹಿಡಿದರು, ಮೂರೂ ನಿಜ. ಒಂದು ಜಾಗದಲ್ಲಿ, ಅರ್ಧ ದಾರಿಯಲ್ಲಿ ಪ್ರೋಗ್ರಾಂ "ಸಾಕು" ಎಂದರೆ ತೆರೆದ ಸಂಪರ್ಕವನ್ನು ಮುಚ್ಚುವುದನ್ನು ನಾನು ಮರೆತಿದ್ದೆ. ಮೂರನೆಯ ದಿನ ನಾನು ಹೋದಾಗ ಹಾಳೆಗಳನ್ನು ಒಟ್ಟುಮಾಡಿ ದಾರ ಕಟ್ಟಿ ಇಟ್ಟಿದ್ದರು. ಕೊನೆಯ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಒಂದೇ ಪದ: "ಸೇರಿಸು."

"ನೀನೇ ಸರಿ ಕಣೇ" ಎಂದರು. "ನಾನು ಬೇಡ ಅಂದಿದ್ದು ಕೋಡಿನ ಭಯಕ್ಕಲ್ಲ. ಸಾಕೋಕೆ ನನ್ನ ಕೈಲಿ ಇನ್ನು ಆಗಲ್ಲ ಅನ್ನೋ ಭಯ. ಈಗ ನೀನಿದ್ದೀಯಲ್ಲ."

ಆ ಮಧ್ಯಾಹ್ನವೇ ಲೈಬ್ರರಿಯ ಪುಟದ ಅಧಿಕಾರವನ್ನು, ಹೊಸ ಆವೃತ್ತಿ ಬಿಡುಗಡೆ ಮಾಡುವ ಹಕ್ಕನ್ನು, ನನ್ನ ಫೋನಿನಲ್ಲೇ ನನ್ನ ಹೆಸರಿಗೆ ಮಾಡಿಕೊಟ್ಟರು. ಮುಗಿದ ಮೇಲೆ ತೋಟದಲ್ಲಿ ಎಳನೀರು ಇಳಿಸಿದರೇ, ಹಸು ಹಾಲು ಕೊಡುತ್ತಿದೆಯೇ ಎಂದು ತಮ್ಮನ ಹೆಂಡತಿಯನ್ನು ಕೇಳುತ್ತ ಮಲಗಿದರು. ಅಷ್ಟು ನಿರಾಳವಾಗಿ ಮಲಗಿದ್ದನ್ನು ನಾನು ನೋಡಿರಲಿಲ್ಲ.

ಮನೆಗೆ ಬಂದು ಇನ್ನೂ ಎರಡು ತಿಂಗಳು ಇದ್ದರು. ನಾನು ಸೇರಿಸಿದ್ದು ಬಿಡುಗಡೆಯಾದದ್ದನ್ನು ನೋಡಿದರು. ಒಂದು ಬೆಳಿಗ್ಗೆ ಕಾಫಿ ಕುಡಿದು, ಜಗಲಿಯವರಿಗೆ ಪೇಪರು ಕೊಟ್ಟು ಬಂದು, ಕುರ್ಚಿಯಲ್ಲಿ ಕೂತವರು ಹಾಗೇ ಹೋದರು.

ನಾನು ಲೈಬ್ರರಿಯ ಪುಟದಲ್ಲಿ ನಾಲ್ಕು ಸಾಲು ಬರೆದು ಸುದ್ದಿ ತಿಳಿಸಿದೆ. ಹನ್ನೊಂದನೆಯ ದಿನದ ಕಾರ್ಯಕ್ಕೆ ಮಾದಿಹಳ್ಳಿಗೆ ಹೋಗುವಷ್ಟರಲ್ಲಿ ಅದರ ಕೆಳಗೆ ಬಂದಿದ್ದ ಉತ್ತರಗಳನ್ನು ಓದಿ ಮುಗಿಸಲು ನನಗೇ ಆಗಿರಲಿಲ್ಲ. ಊಟಕ್ಕೆ ಎಲೆ ಹಾಕುವ ಮುಂಚೆ, ಅಂಗಳದ ಚಪ್ಪರದಡಿ ಕೂತು ಅದನ್ನು ನೋಡುತ್ತಿದ್ದಾಗ ಮೇಡಂ ಅವರ ತಮ್ಮ ಬಂದು ಪಕ್ಕದಲ್ಲಿ ಕೂತರು.

"ಏನವ್ವ ಅದು?"

"ಮೇಡಂಗೆ ಬಂದಿರೋದು. ಅವರ ಲೈಬ್ರರಿ ಉಪಯೋಗಿಸ್ತಾ ಇರೋರು ಬರೆದಿದ್ದಾರೆ."

"ಎಲ್ಲೀಯೋರು?"

ಊರುಗಳ ಹೆಸರು ಹೇಳಿದೆ. ಕೆಲವನ್ನು ಹೇಗೆ ಉಚ್ಚರಿಸಬೇಕೆಂದು ನನಗೂ ಗೊತ್ತಿರಲಿಲ್ಲ. ಅವರು ಹೆಂಡತಿಯನ್ನು ಕರೆದರು. ಜಗಲಿಯ ಹಿರಿಯರೂ ಬಂದರು. ಕುರ್ಚಿಗಳನ್ನು ಹತ್ತಿರಕ್ಕೆ ಎಳೆದುಕೊಂಡರು. "ಜೋರಾಗಿ ಓದವ್ವ, ಕನ್ನಡದಾಗೆ ಹೇಳು" ಎಂದರು.

ಓದಿದೆ. ಒಬ್ಬಾಕೆ, ಕಡಲತೀರದ ಯಾವುದೋ ಊರಿನ ಆಸ್ಪತ್ರೆಯಲ್ಲಿ ರಕ್ತದ ಬಾಟಲಿಗಳ ದಾಖಲೆ ನೋಡಿಕೊಳ್ಳುವವಳು, ಎಂಟು ವರ್ಷದಿಂದ ಈ ಲೈಬ್ರರಿ ಒಂದು ದಿನವೂ ಕೈಕೊಟ್ಟಿಲ್ಲ ಎಂದು ಬರೆದಿದ್ದಳು. ಒಬ್ಬ, ತಾನು ವಿದ್ಯಾರ್ಥಿಯಾಗಿದ್ದಾಗ ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದ್ದೆ, ಆಕೆ ನಾಲ್ಕು ಸಲವೂ ಬೇರೆ ಬೇರೆ ಥರ ವಿವರಿಸಿ ಉತ್ತರಿಸಿದ್ದರು, ನಾಲ್ಕನೆಯ ಸಲ ಅರ್ಥವಾಯಿತು ಎಂದಿದ್ದ. ಇನ್ನೊಬ್ಬರು, ಇದನ್ನು ಒಬ್ಬರೇ ಬರೆದದ್ದೆಂದು ಈಗಷ್ಟೇ ತಿಳಿಯಿತು, ಯಾವುದೋ ದೊಡ್ಡ ಕಚೇರಿ, ತುಂಬ ಜನ ಇರಬೇಕೆಂದುಕೊಂಡಿದ್ದೆ ಎಂದು ಬರೆದಿದ್ದರು.

"ಆಫೀಸಾ!" ಎಂದು ತಮ್ಮ ನಕ್ಕುಬಿಟ್ಟರು. ನಗುತ್ತ ನಗುತ್ತ ಟವೆಲಿನಿಂದ ಕಣ್ಣು ಒರೆಸಿಕೊಂಡರು. "ಕಿಟಕಿ ಪಕ್ಕದ ಮೇಜು ಕಣವ್ವ, ಒಂದ್ ಕಾಲು ಗಿಡ್ಡ, ಅಡಿಗೆ ರಟ್ಟು ಮಡಿಸಿಟ್ಟಿದ್ಳು."

ತಮ್ಮನ ಹೆಂಡತಿ ಆ ರಕ್ತದ ಬಾಟಲಿಯವಳ ಮಾತನ್ನು ಇನ್ನೊಮ್ಮೆ ಓದಿಸಿದರು. ಆಮೇಲೆ ಎದ್ದು ಹೋಗಿ ಎಲೆ ಹಾಕಲು ಹೇಳಿದರು.

ತಮ್ಮ ಇನ್ನೂ ಅಲ್ಲೇ ಕೂತಿದ್ದರು. "ಹೊತ್ತು ಮೂಡಕ್ ಮುಂಚೆ ಎದ್ದು ಕೂರ್ತಿದ್ಳು. ಏನಕ್ಕಾ ಅಂದ್ರೆ, ಯಾರೋ ಏನೋ ಕೇಳವ್ರೆ ಕಣೋ, ಕಾಯ್ತಿರ್ತಾರೆ ಅನ್ನೋಳು. ಇನ್ಮ್ಯಾಕೆ ಕೇಳ್ದೋರಿಗೆ ಯಾರು ಹೇಳ್ತಾರೆ?"

"ನಾನು ಹೇಳ್ತೀನಿ" ಎಂದೆ.

ಅವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಹಂಗಾದ್ರೆ ಸರಿ" ಎಂದರು. "ಏಳು, ಊಟ ಮಾಡು. ಬಸ್ಸಿಗೆ ಹೊತ್ತಾಗ್ತದೆ."